ದಂಡಿಲ್ಲದ ಯಜಮಾನಿ

ಡೇಮ್ ಫ್ಲೋರಾ ಮ್ಯಾಕ್ಲೌಡ್ 1976ರ ನವೆಂಬರ್ 4ರಂದು ತೀರಿಕೊಂಡರು. ಆಗ ಅವರಿಗೆ 98 ವರ್ಷ. ಸ್ಕಾಟ್ಲೆಂಡಿನ ಪಶ್ಚಿಮದ ಕಡಲಲ್ಲಿ ಸ್ಕೈ ಎಂಬ ದ್ವೀಪವಿದೆ; ಅಲ್ಲಿನ ಡನ್‌ವೇಗನ್ ಕೋಟೆಯ ಒಡತಿ ಅವರು, ಮ್ಯಾಕ್ಲೌಡ್ ಕುಲದ 28ನೆಯ ಮುಖ್ಯಸ್ಥೆ. ತುಂಬು ಬಾಳು ಬಾಳಿದ ಅಜ್ಜಿಯೊಬ್ಬರ ಸಾವಿನಲ್ಲಿ ಸೋಜಿಗವೇನಿದೆ? ಸೋಜಿಗವಿರುವುದು ಮರುಗಿದವರ ವಿಳಾಸಗಳಲ್ಲಿ. ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್! ಅವರಲ್ಲಿ ಹೆಚ್ಚಿನವರು ಸ್ಕೈಯಲ್ಲಿ ಹುಟ್ಟಿದವರಲ್ಲ, ಆಕೆಯ ಒಕ್ಕಲುಗಳಲ್ಲ, ಆಕೆಗೆ ಕಾಸು ಗೇಣಿ ಕೊಡಬೇಕಾದವರಲ್ಲ. ಅವರ ಮುತ್ತಜ್ಜಂದಿರಲ್ಲಿ ಎಷ್ಟೋ ಮಂದಿ ಆ ನಾಡು ಬಿಟ್ಟದ್ದು ಹಸಿವಿನಿಂದ. ಇಲ್ಲವೇ ಇಂಥದೇ ಕುಲದೊಡೆಯರು ಕುರಿ ಮೇಯಿಸುವುದಕ್ಕೆಂದು ಹೊಲಗಳಿಂದ ಎಬ್ಬಿಸಿ ಹಡಗು ಹತ್ತಿಸಿದ್ದರಿಂದ. ಹಾಗೆ ಹೋದವರ ಮೊಮ್ಮಕ್ಕಳ ಮಕ್ಕಳಿಗೆ ಕೋಟೆಯ ಅಜ್ಜಿಯೊಬ್ಬಳು ಸ್ವಂತ ಅಜ್ಜಿಯಾದದ್ದು ಹೇಗೆ?

ಕುಲದೊಡೆಯ ಎಂದರೆ ಒಂದು ಕಾಲಕ್ಕೆ ನಮ್ಮ ಪಾಳೆಯಗಾರನಂಥವನೇ. ನೆಲ ಅವನದು, ನ್ಯಾಯ ಅವನದು, ಕರೆದಾಗ ಕತ್ತಿ ಹಿಡಿದು ಬರುವ ಗಂಡಸರು ಅವನವರು. ತಪ್ಪಿತಸ್ಥನನ್ನು ನೇಣಿಗೇರಿಸುವ ಹಕ್ಕೂ ಎಷ್ಟೋ ಒಡೆಯರಿಗಿತ್ತು. 1746ರ ಏಪ್ರಿಲ್‌ನಲ್ಲಿ ಕಲೋಡನ್ ಬಯಲಿನಲ್ಲಿ, ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡಿನವರು ರಾಜನ ವಿರುದ್ಧ ಎದ್ದ ದಂಗೆ ನೆಲಕಚ್ಚಿತು. ಅದರ ಬೆನ್ನಿಗೇ ಲಂಡನ್ನಿನ ಸಂಸತ್ತು ಕಾನೂನು ಮಾಡಿ ಒಡೆಯರ ಪರಂಪರಾಗತ ನ್ಯಾಯಾಧಿಕಾರವನ್ನು ಕಿತ್ತುಕೊಂಡಿತು. ದಂಗೆಯಲ್ಲಿ ರಾಜನ ಕಡೆ ನಿಂತಿದ್ದ ಮ್ಯಾಕ್ಲೌಡ್ ಒಡೆಯನಿಗೂ ಆ ಕಾನೂನಿನಿಂದ ವಿನಾಯಿತಿ ಸಿಗಲಿಲ್ಲ. ಅಲ್ಲಿಂದ ಮುಂದೆ ಕುಲದೊಡೆಯ ಬರೀ ಜಮೀನ್ದಾರ. ಒಕ್ಕಲಿಗೂ ಅವನಿಗೂ ನಡುವೆ ಉಳಿದದ್ದು ಗೇಣಿಯ ಲೆಕ್ಕ ಮತ್ತು ಹಳೆಯದೊಂದು ನಂಬಿಕೆಯ ಪಳೆಯುಳಿಕೆ. ಗೇಣಿಯ ಲೆಕ್ಕವೇ ಹೆಚ್ಚು ಕಾಲ ಬಾಳುತ್ತದೆ ಎಂದು ಯಾರಾದರೂ ಪಣ ಕಟ್ಟುತ್ತಿದ್ದರು. ಕಟ್ಟಿದ್ದರೆ ಸೋಲುತ್ತಿದ್ದರು.

ಈ ಮನೆತನವೇನು ದೇವರಂಥವರ ಸಾಲಲ್ಲ. 22ನೆಯ ಒಡೆಯ ನಾರ್ಮನ್ ಮ್ಯಾಕ್ಲೌಡನಿಗೆ ಅವನ ಜನವೇ ಇಟ್ಟ ಅಡ್ಡಹೆಸರು ‘ದುಷ್ಟ’. ಅವನ ಕಾಲದಲ್ಲಿ, 1739ರಲ್ಲಿ, ಸ್ಕೈ ಮತ್ತು ಹ್ಯಾರಿಸ್ ದ್ವೀಪಗಳ ನೂರರಷ್ಟು ಗಂಡಸರು, ಹೆಂಗಸರು, ಮಕ್ಕಳನ್ನು ಬಲವಂತದಿಂದ ಹಡಗಿಗೆ ತುಂಬಿದರು. ಅಮೆರಿಕದ ವಸಾಹತುಗಳಲ್ಲಿ ಜೀತಕ್ಕೆ ಮಾರುವುದು ಉದ್ದೇಶ. ಹಡಗು ಐರ್ಲೆಂಡಿನ ಡೊನಗಡೀ ಬಂದರಿನಲ್ಲಿ ನಿಂತಾಗ ಸೆರೆಯಾಳುಗಳು ತಪ್ಪಿಸಿಕೊಂಡರು, ಅಲ್ಲಿಯ ಅಧಿಕಾರಿಗಳ ಮುಂದೆ ಗುಟ್ಟು ರಟ್ಟಾಯಿತು. ಇದರಲ್ಲಿ ಒಡೆಯನ ಕೈವಾಡವಿತ್ತೆಂಬ ಗುಮಾನಿ ಇಂದಿಗೂ ಹೋಗಿಲ್ಲ. ಶಿಕ್ಷೆಯಂತೂ ಅವನಿಗೆ ಆಗಲಿಲ್ಲ.

ಅವನ ಮೊಮ್ಮಗ ಇನ್ನೊಬ್ಬ ನಾರ್ಮನ್, 23ನೆಯ ಒಡೆಯ. 1773ರಲ್ಲಿ ಸಾಹಿತಿಗಳಾದ ಡಾಕ್ಟರ್ ಜಾನ್ಸನ್ ಮತ್ತು ಬಾಸ್ವೆಲ್ ಡನ್‌ವೇಗನ್ನಿಗೆ ಬಂದಾಗ ಅವರಿಗೆ ಆತಿಥ್ಯ ಮಾಡಿದ ಹದಿಹರೆಯದ ಯಜಮಾನ ಈತನೇ. ತಾತ ಬಿಟ್ಟುಹೋದ ಸಾಲ ತಲೆಯ ಮೇಲಿತ್ತು. ಹಾಗಾಗಿ ಸೈನ್ಯ ಸೇರಿದ. ಇಲ್ಲಿ ನಮ್ಮ ಕರಾವಳಿ ಈ ಕಥೆಯೊಳಕ್ಕೆ ಬರುತ್ತದೆ. 1782ರಲ್ಲಿ ಮಲಬಾರಿನ ಪೊನ್ನಾನಿಯಲ್ಲಿ ಟಿಪ್ಪುವಿನ ಪಡೆಗೆ ಎದುರಾಗಿ ನಿಂತವನು ಇದೇ ನಾರ್ಮನ್ ಮ್ಯಾಕ್ಲೌಡ್. ಮರುವರ್ಷ ಅವನ ಬ್ಲ್ಯಾಕ್ ವಾಚ್ ದಳದ ಎರಡನೇ ಬೆಟಾಲಿಯನ್ನಿನ ಹೈಲ್ಯಾಂಡ್ ಸಿಪಾಯಿಗಳು ಮಂಗಳೂರಿನ ಕೋಟೆಯೊಳಗೆ ಸಿಕ್ಕಿಬಿದ್ದರು. ಹೊರಗೆ ಟಿಪ್ಪುವಿನ ಮುತ್ತಿಗೆ. ನವೆಂಬರ್‌ನಲ್ಲಿ ಮ್ಯಾಕ್ಲೌಡ್ ಹಡಗುಗಳೊಂದಿಗೆ ಮಂಗಳೂರಿನ ಕಡಲಿಗೆ ಬಂದ. ಆದರೆ ಕದನವಿರಾಮದ ಕರಾರಿಗೆ ಕಟ್ಟುಬಿದ್ದು, ಮಾತುಕತೆ ನಡೆಸಿ, ಕಾಳಗ ಮಾಡದೆ ಹಿಂದಿರುಗಿದ. ಕೋಟೆಯೊಳಗೆ ಉಪವಾಸ, ಕಣ್ಣೆದುರಿನ ಕಡಲಲ್ಲಿ ಹಡಗು. ಹಸಿವು, ಕಾಯಿಲೆ ತಾಳಲಾರದೆ ಕೋಟೆ 1784ರ ಜನವರಿ ಕೊನೆಯಲ್ಲಿ ಶರಣಾಯಿತು. ಪತ್ರವ್ಯವಹಾರದಲ್ಲಿ ಟಿಪ್ಪು ತನ್ನನ್ನು ಸುಳ್ಳುಗಾರನೆಂದನೆಂದು ಮ್ಯಾಕ್ಲೌಡ್ ಕೆರಳಿ, ನೀನು ನೂರು ಜನರನ್ನು ಕರೆದುಕೊಂಡು ಕಡಲದಂಡೆಗೆ ಬಾ, ನಾನೂ ನೂರು ಜನರೊಂದಿಗೆ ಬರುತ್ತೇನೆ, ಅಲ್ಲೇ ತೀರ್ಮಾನವಾಗಲಿ ಎಂಬ ಅರ್ಥದಲ್ಲಿ ಬರೆದನಂತೆ. ಹುಚ್ಚು ಎನಿಸಬಹುದು. ಆದರೆ ಹಳೆಯ ಕುಲದೊಡೆಯನ ರಕ್ತ ಬ್ರಿಟಿಷ್ ಸೈನ್ಯದ ಸಮವಸ್ತ್ರದೊಳಗೂ ಹೀಗೆ ಕುದಿಯುತ್ತಿತ್ತು.

ಹಸಿದ ತನ್ನವರನ್ನು ಹಡಗಿನಿಂದ ನೋಡಿ ಮರಳಿದ ಆ ಸೇನಾನಿಯ ಮೊಮ್ಮಗನ ಪಾಲಿಗೂ ಹಸಿವೇ ಬಂತು. ಅವನ ಹೆಸರೂ ನಾರ್ಮನ್. ಈ ಮನೆಯಲ್ಲಿ ಹೆಸರಿಗೆ ಬಡತನ ಇದ್ದಂತಿದೆ. 25ನೆಯ ಒಡೆಯ. 1846ರಿಂದ ಹೈಲ್ಯಾಂಡಿನಲ್ಲಿ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಗದ್ದೆಯಲ್ಲೇ ಕೊಳೆಯಿತು. ಬಡವರ ಊಟವೆಂದರೆ ಅದೊಂದೇ. ಆಗ ಎಷ್ಟೋ ಜಮೀನ್ದಾರರು ಒಕ್ಕಲುಗಳಿಗೆ ಹಡಗಿನ ಚೀಟಿ ಕೊಟ್ಟು ಕೈತೊಳೆದುಕೊಂಡರು. ನಾರ್ಮನ್ ಹಿಟ್ಟು ತರಿಸಿ ಹಂಚಿದ. ಸಾವಿರಾರು ಜನರ ಹೊಟ್ಟೆ ತುಂಬಿಸಲು ಹೋಗಿ ತಾನು ದಿವಾಳಿಯಾದ. ಕೋಟೆಯನ್ನು ಬಿಟ್ಟು ಲಂಡನ್ನಿಗೆ ಹೋಗಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ದುಡಿದ. ಇವನನ್ನೂ ಸಂತನಾಗಿಸಬೇಕಿಲ್ಲ, ಈ ಮನೆತನದ ಜಮೀನಿನಿಂದಲೂ ಜನ ಒಕ್ಕಲೆದ್ದು ಹೋಗಿದ್ದಾರೆ. ಆದರೂ ಸುಮಾರು ಆರುನೂರು ವರ್ಷ ಹಳೆಯ ಮನೆತನದ ಯಜಮಾನ ದಫ್ತರದ ಮುಂದೆ ಕೂತು ಸಂಬಳಕ್ಕೆ ಬರೆಯುತ್ತಿರುವುದನ್ನು ಕಲ್ಪಿಸಿಕೊಂಡರೆ, ಕತ್ತಿ ಹಿಡಿದ ಎಲ್ಲ ಒಡೆಯರಿಗಿಂತ ನನಗೆ ಅವನೇ ದೊಡ್ಡವನಾಗಿ ಕಾಣುತ್ತಾನೆ. ಫ್ಲೋರಾ ಅವನ ಮೊಮ್ಮಗಳು.

ಅವರು ಹುಟ್ಟಿದ್ದು 1878ರಲ್ಲಿ, ಲಂಡನ್ನಿನ ಡೌನಿಂಗ್ ಸ್ಟ್ರೀಟಿನಲ್ಲಿ. ತಾಯಿಯ ತಂದೆ ಸರ್ ಸ್ಟಾಫರ್ಡ್ ನಾರ್ತ್‌ಕೋಟ್ ಆಗ ಬ್ರಿಟನ್ನಿನ ಹಣಕಾಸು ಮಂತ್ರಿ. 1901ರಲ್ಲಿ ಪತ್ರಕರ್ತ ಹ್ಯೂಬರ್ಟ್ ವಾಲ್ಟರರನ್ನು ಮದುವೆಯಾದರು, ಇಬ್ಬರು ಹೆಣ್ಣುಮಕ್ಕಳಾದರು. 1933ರಲ್ಲಿ ಗಂಡ ಹೋದರು, 1935ರಲ್ಲಿ ತಂದೆ ಸರ್ ರೆಜಿನಾಲ್ಡ್ ಹೋದರು. ತಂದೆಗೆ ಗಂಡುಮಕ್ಕಳಿಲ್ಲ. ಹೀಗೆ 57ನೆಯ ವಯಸ್ಸಿನಲ್ಲಿ, ಬೇರೆಯವರು ಮೊಮ್ಮಕ್ಕಳನ್ನು ಆಡಿಸಿಕೊಂಡು ಕೂರುವ ಹೊತ್ತಿನಲ್ಲಿ, ಈ ವಿಧವೆ ತವರಿನ ಹೆಸರನ್ನು ಮತ್ತೆ ಹೊತ್ತು ಕುಲದ ಪೀಠಕ್ಕೆ ಬಂದರು. ಆ ಪೀಠದ ಜೊತೆಗೆ ಬಂದದ್ದು ದೊಡ್ಡ ಕೋಟೆ, ರಿಪೇರಿಯ ಖರ್ಚು ಮತ್ತು ಹಳೆಯ ಕಥೆಗಳು. ದಂಡಿಲ್ಲ, ದಂಡನೆಯ ಹಕ್ಕಿಲ್ಲ.

ಅವರು ಮಾಡಿದ್ದು ತೀರಾ ಸರಳವಾದ ಕೆಲಸ: ಜನರನ್ನು ಹುಡುಕಿಕೊಂಡು ಹೋದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಎಪ್ಪತ್ತು ದಾಟಿದ ಮೇಲೂ, ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸುತ್ತಿದರು. ಹೋದಲ್ಲೆಲ್ಲ ಮ್ಯಾಕ್ಲೌಡರ ಸಂಘಗಳು ಹುಟ್ಟಿದವು, ಇದ್ದವು ಚಿಗುರಿದವು. ಆ ನಾಡುಗಳಲ್ಲಿ ಇದ್ದವರು ಎಂಥವರೆಂಬುದಕ್ಕೆ ಒಂದೇ ನಿದರ್ಶನ ಸಾಕು. ಸ್ಕಾಟ್ಲೆಂಡಿನ ಅಸಿಂಟ್ ಸೀಮೆಯ ನಾರ್ಮನ್ ಮ್ಯಾಕ್ಲೌಡ್ ಎಂಬ ಕಟ್ಟುನಿಟ್ಟಿನ ಧರ್ಮಬೋಧಕ (ಹೌದು, ಮತ್ತೊಬ್ಬ ನಾರ್ಮನ್) 1817ರಲ್ಲಿ ಕೆನಡಾದ ನೋವಾ ಸ್ಕೋಷಿಯಾಕ್ಕೆ ಹೋದ; ಅಲ್ಲಿ ಜನ ಕಟ್ಟಿಕೊಂಡು ಕೇಪ್ ಬ್ರೆಟನ್ನಿನ ಸೇಂಟ್ ಆನ್ಸ್‌ನಲ್ಲಿ ನೆಲೆಸಿದ. ಬೆಳೆ ಕೈಕೊಟ್ಟಾಗ, ಎಪ್ಪತ್ತು ಮುಟ್ಟಿದ ಆತ ತಾವೇ ಕಟ್ಟಿದ ಹಡಗಿನಲ್ಲಿ ಜನರೊಂದಿಗೆ 1851ರಲ್ಲಿ ಹೊರಟು, ಆಸ್ಟ್ರೇಲಿಯಾ ಮುಟ್ಟಿ, ಕೊನೆಗೆ ನ್ಯೂಜಿಲೆಂಡಿನ ವೈಪುವಿನಲ್ಲಿ ಊರು ಕಟ್ಟಿದ. ಭೂಮಿಯ ಅರ್ಧ ಸುತ್ತು ಮುಗಿಸಿದ ಇಂಥವರ ಸಂತಾನದ ಬಾಗಿಲಿಗೆ ಡನ್‌ವೇಗನ್ನಿನ ಮುದುಕಿಯೊಬ್ಬಳು ಬಂದು ನಾನು ನಿಮ್ಮವಳು ಎಂದಾಗ ಅವರು ನಗಬಹುದಿತ್ತು. ನಮ್ಮವರು ಹಸಿದಾಗ ನಿಮ್ಮಂಥವರು ಎಲ್ಲಿದ್ದರು ಎಂದು ಕೇಳಬಹುದಿತ್ತು. ಕೇಳಿದವರೂ ಇದ್ದಿರಬಹುದು. ಆದರೆ ಹೆಚ್ಚಿನವರು ಕುರ್ಚಿ ಹಾಕಿ ಕೂರಿಸಿದರು.

ಇದು ಮರೆವಿನಿಂದ ಆದದ್ದಲ್ಲ ಎಂದೇ ನನ್ನ ನಂಬಿಕೆ. ವಲಸೆ ಹೋದವರ ಮಕ್ಕಳು ಅನ್ಯಾಯವನ್ನು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ; ಹಾಡು ಕಟ್ಟಿ ಇಟ್ಟುಕೊಳ್ಳುತ್ತಾರೆ. ಆದರೆ ಅವರಿಗೆ ತಪ್ಪಿಹೋದದ್ದು ಹೊಲವಷ್ಟೇ ಅಲ್ಲ, ತಾವು ಎಲ್ಲಿಯವರು ಎಂದು ಕೇಳಿದಾಗ ಕೊಡಬಹುದಾದ ಉತ್ತರವೂ ಹೌದು. ಹೊಲವನ್ನು ಫ್ಲೋರಾ ಹಿಂದಿರುಗಿಸಲಾರರು. ಉತ್ತರವನ್ನು ಹಿಂದಿರುಗಿಸಬಹುದಿತ್ತು; ಅದನ್ನೇ ಮಾಡಿದರು. 1956ರಲ್ಲಿ ಮ್ಯಾಕ್ಲೌಡರ ‘ಪಾರ್ಲಿಮೆಂಟ್’ ಎಂದು ಹೆಸರಿಟ್ಟು ಎಲ್ಲರನ್ನೂ ಡನ್‌ವೇಗನ್ನಿಗೆ ಕರೆದರು. ಹೆಸರು ದೊಡ್ಡದು, ಅಧಿಕಾರ ಸೊನ್ನೆ. ಅಲ್ಲಿ ಶಾಸನವಾಗುವುದಿಲ್ಲ, ತೆರಿಗೆ ಬೀಳುವುದಿಲ್ಲ. ಪೈಪು ಊದುತ್ತಾರೆ, ಕುಣಿಯುತ್ತಾರೆ, ಉಣ್ಣುತ್ತಾರೆ, ಯಾರ ಅಜ್ಜ ಯಾವ ಹಳ್ಳಿಯಿಂದ ಹೊರಟನೆಂದು ವಂಶಾವಳಿ ಬಿಡಿಸುತ್ತಾರೆ. ಮುಖ್ಯಸ್ಥೆಗೆ ಇಲ್ಲಿ ಇದ್ದ ಒಂದೇ ಉದ್ಯೋಗ ಬಂದವರನ್ನು ಗುರುತಿಸಿ ಮಾತನಾಡಿಸುವುದು. ಅದು ಸಣ್ಣ ಕೆಲಸವೆಂದು ಅವರು ತಿಳಿದಂತಿಲ್ಲ.

ಡನ್‌ವೇಗನ್ ಕೋಟೆಯಲ್ಲಿ ಗಾಜಿನ ಹಿಂದೆ ಒಂದು ಜೀರ್ಣವಾದ ರೇಷ್ಮೆ ತುಂಡಿದೆ. ಕಿನ್ನರಿಯರ ಬಾವುಟ ಎನ್ನುತ್ತಾರೆ. ಕಿನ್ನರಿಯೊಬ್ಬಳು ಕುಲಕ್ಕೆ ಕೊಟ್ಟದ್ದು, ಆಪತ್ತಿನಲ್ಲಿ ಮೂರು ಸಲ ಬೀಸಬಹುದು, ಎರಡು ಸಲ ಬೀಸಿ ಆಗಿದೆ, ಉಳಿದದ್ದು ಒಂದೇ ಎಂಬುದು ಐತಿಹ್ಯ. ಫ್ಲೋರಾ ಅವರ ತಂದೆಯ ಕಾಲದಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ತಜ್ಞ ವೇಸ್ ಬಂದು ಬಟ್ಟೆಯನ್ನು ಪರೀಕ್ಷಿಸಿದರು. ರೇಷ್ಮೆ ಸಿರಿಯಾ ಅಥವಾ ರೋಡ್ಸ್ ಕಡೆಯದು, ಬಹಳ ಜತನದಿಂದ ತೇಪೆ ಹೊಲಿದದ್ದು, ಯಾವುದೋ ಪೂಜ್ಯ ವಸ್ತುವಾಗಿದ್ದಿರಬೇಕು ಎಂದರು. ಸರ್ ರೆಜಿನಾಲ್ಡ್ ಎಲ್ಲವನ್ನೂ ಕೇಳಿಸಿಕೊಂಡು, ನೀವು ನಂಬುವುದು ಹಾಗಿರಬಹುದು, ಇದು ಕಿನ್ನರಿಯರು ಕೊಟ್ಟದ್ದೆಂದು ನನಗೆ ಗೊತ್ತು ಎಂದರಂತೆ. ತಜ್ಞರು ವಾದಿಸಲಿಲ್ಲ, ನಿಮ್ಮ ಹೆಚ್ಚಿನ ತಿಳಿವಿಗೆ ತಲೆಬಾಗುತ್ತೇನೆ ಎಂದರಂತೆ. ನನಗೆ ಅವರಿಬ್ಬರೂ ಇಷ್ಟ. ಒಬ್ಬರು ನೂಲನ್ನು ಓದಿದರು, ಇನ್ನೊಬ್ಬರು ಅದನ್ನು ಕಾದುಕೊಂಡು ಬಂದವರನ್ನು ಓದಿದರು. ಬರೀ ಬಟ್ಟೆಯಾಗಿದ್ದರೆ ಅಷ್ಟು ತೇಪೆ ಯಾರು ಹಾಕುತ್ತಿದ್ದರು?

ಎರಡನೇ ಮಹಾಯುದ್ಧದಲ್ಲಿ ಮ್ಯಾಕ್ಲೌಡ್ ಹುಡುಗರು ಈ ಬಾವುಟದ ಫೋಟೋವನ್ನು ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತುತ್ತಿದ್ದರಂತೆ. ಜರ್ಮನರು ದಾಳಿಯಿಟ್ಟರೆ ಬಾವುಟವನ್ನು ಡೋವರಿನ ಬಂಡೆಗಳ ಮೇಲೆ ತಂದು ಬೀಸುವುದಾಗಿ ಫ್ಲೋರಾ ಹೇಳಿದ್ದರೆಂದೂ ಪ್ರತೀತಿ. ಇದನ್ನು ಎಲ್ಲರೂ ತಮಾಷೆಯಾಗಿ ಹೇಳುತ್ತಾರೆ. ಸ್ವಲ್ಪ ನಿಂತು ಯೋಚಿಸಿ. ಡೋವರ್ ಸ್ಕೈಯಲ್ಲಿಲ್ಲ, ಸ್ಕಾಟ್ಲೆಂಡಿನಲ್ಲೂ ಇಲ್ಲ. ಇಂಗ್ಲೆಂಡಿನ ತೆಂಕಣ ಅಂಚಿನಲ್ಲಿದೆ. ಕುಲದ ಬಳಿ ಉಳಿದಿದ್ದ ಕೊನೆಯ ಮಂತ್ರವನ್ನು, ಕುಲವನ್ನು ಕಾಯಲೆಂದೇ ಕೊಟ್ಟ ವರವನ್ನು, ಆಕೆ ಕುಲದ ಹೊರಗಿನವರಿಗಾಗಿ ಖರ್ಚು ಮಾಡಲು ಸಿದ್ಧರಿದ್ದರು. ಹಿಟ್ಟು ಹಂಚಿ ದಿವಾಳಿಯಾದ ಅಜ್ಜನ ಮೊಮ್ಮಗಳು ಎಂಬುದು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ. ಮಂತ್ರ ಫಲಿಸುತ್ತಿತ್ತೇ ಎಂಬ ಪ್ರಶ್ನೆಯನ್ನು ನಾನು ಕೇಳಲಾರೆ.

ಅವರ ನಂತರ ಪೀಠಕ್ಕೆ ಬಂದವರು ಮಗಳ ಮಗ ಜಾನ್. 2000ದಲ್ಲಿ ಕೋಟೆಯ ಸೋರುವ ಮಾಡಿಗೆ ಹಣ ಹೊಂದಿಸಲೆಂದು ಅವರು ಸ್ಕೈಯ ಕೂಲಿನ್ ಪರ್ವತಸಾಲನ್ನೇ ಒಂದು ಕೋಟಿ ಪೌಂಡಿಗೆ ಮಾರಾಟಕ್ಕಿಟ್ಟರು. ಸ್ಕೈಯಲ್ಲೂ ಹೊರಗೂ ಗದ್ದಲವೆದ್ದಿತು. ಬೆಟ್ಟ ಒಬ್ಬನ ಆಸ್ತಿಯಾದದ್ದು ಯಾವಾಗ ಎಂದು ಜನ ಕೇಳಿದರು. ಕೊನೆಗೆ ಮಾರಾಟ ನಿಂತಿತು. ಜಾನ್ ಕೆಟ್ಟವರೆಂದು ನಾನು ಹೇಳಲಾರೆ, ಸೋರುವ ಮಾಡು ಸುಳ್ಳಲ್ಲ. ಆದರೆ ಅಜ್ಜಿ ಜನರೊಂದಿಗೆ ಕಟ್ಟಿದ ಸಲುಗೆಯನ್ನು ಮೊಮ್ಮಗ ಕಾಗದಪತ್ರದ ಹಕ್ಕಿನೊಂದಿಗೆ ತೂಗಿ ನೋಡಿದರು, ತಕ್ಕಡಿ ಯಾವ ಕಡೆ ವಾಲಿತೆಂದು ಎಲ್ಲರೂ ಕಂಡರು. ಫ್ಲೋರಾ ಅವರನ್ನು ಜನ ಪ್ರೀತಿಸಿದ್ದು ಅವರು 28ನೆಯವರಾಗಿದ್ದರೆಂದಲ್ಲ ಎಂಬುದು ನನಗೆ ಖಾತ್ರಿಯಾದದ್ದು ಈ ಪ್ರಸಂಗದಿಂದ.

ಜಾನ್ 2007ರಲ್ಲಿ ತೀರಿಕೊಂಡರು. ಈಗಿರುವವರು ಅವರ ಮಗ ಹ್ಯೂ, 30ನೆಯವರು. ಫ್ಲೋರಾ ಅವರನ್ನು ಮಣ್ಣು ಮಾಡಿದ್ದು ಡನ್‌ವೇಗನ್ ಬಳಿಯ ಕಿಲ್ಮೂರಿನಲ್ಲಿ, ಹಿಂದಿನ ಒಡೆಯರು ಮಲಗಿರುವಲ್ಲಿ. ಅವರು ಶುರುಮಾಡಿದ ಪಾರ್ಲಿಮೆಂಟ್ ನಾಲ್ಕು ವರ್ಷಕ್ಕೊಮ್ಮೆ ಈಗಲೂ ಸೇರುತ್ತದೆ. ಅಲ್ಲಿಗೆ ಹೋಗುವವರು ತಮ್ಮ ಟಿಕೆಟ್ಟಿನ ದುಡ್ಡು ತಾವೇ ಕೊಟ್ಟು ಹೋಗುತ್ತಾರೆ.