ಧರ್ಮಾಸ್ಪತ್ರೆಯ ಧರ್ಮ ಯಾರದು?

ಸೂಜಿ ಹಾಕಿಸಿಕೊಂಡು ಹರಿಹರಕ್ಕೆ ಬಂದ ಅವ್ವನ ತೋಳು ಬಾತಿತ್ತು. ‘ಯಾವ ಔಷಧಿ ಅಂತ ಕೇಳಬಾರದಿತ್ತಾ?’ ಅಂದೆ. ‘ಧರ್ಮಾಸ್ಪತ್ರೆ ಕಣಪ್ಪಾ, ಹೆಂಗ್ ಕೇಳಾದು?’

ಕಾನೂನೂ ಅವ್ವನಂತೆಯೇ ಮಾತಾಡುತ್ತದೆ. ರೊಕ್ಕ ಕೊಟ್ಟವನು ಗ್ರಾಹಕ. ದಾವಣಗೆರೆಯ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು. ಎಲ್ಲರಿಗೂ ಪುಕ್ಕಟೆ ನೋಡುವ ಆಸ್ಪತ್ರೆಯ ರೋಗಿ ಗ್ರಾಹಕನೇ ಅಲ್ಲವೆಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅವನಿಗುಳಿದದ್ದು ಸಿವಿಲ್ ಕೋರ್ಟಿನ ಅಲೆದಾಟ.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬೊಬ್ಬರಾಗಿ ಸತ್ತರು. ಅನುಮಾನ ಬಿದ್ದದ್ದು ಸರ್ಕಾರವೇ ಕೊಂಡ ಡ್ರಿಪ್ ಬಾಟಲಿಯ ಮೇಲೆ. ಆ ಮನೆಗಳಿಗೆ ಸರ್ಕಾರ ಕೊಟ್ಟ ಪರಿಹಾರ ಹಕ್ಕೋ, ಭಿಕ್ಷೆಯೋ?

ಗೆಳೆಯರೇ, ಸೋಪಿಗೂ ಚಪ್ಪಲಿಗೂ ತೆರಿಗೆ ಕಟ್ಟುವ ಅವ್ವನಿಗೆ ಯಾವುದು ಪುಕ್ಕಟೆ? ಆ ಧರ್ಮ ಮಾಡಿದವಳೇ ಅವಳು. ಹೆಂಗ್ ಉತ್ತರ ಹೇಳಾದು ಅಂತ ಇನ್ನು ಆಸ್ಪತ್ರೆಯವರು ಚಿಂತಿಸಲಿ.