ನಮ್ಮ ಕಾಲ ಕೆಳಗಣ ಬೆಂಕಿ

ಧ್ಯಾನಕ್ಕೆ: 1 ಅರಸುಗಳು 19:9–13



ಹಲವು ವರುಷಗಳ ಹಿಂದೆ ನಾನು ಬೇಗೂರಿನ ಒಂದು ಮನೆಕೂಟದಲ್ಲಿ ಜ್ವಾಲಾಮುಖಿಯನ್ನು ನರಕದ ಬಾಯಿಯೆಂದು ಸಾರಿದೆನು. ಕೇಳಿದವರು ನಡುಗಿದರು, ಅದನ್ನೇ ಪ್ರಸಂಗದ ಫಲವೆಂದು ಎಣಿಸಿದೆನು. ಕೂಟ ಮುಗಿದ ಮೇಲೆ ಒಬ್ಬ ವೃದ್ಧೆಯು ಹಿಂದುಳಿದು, “ಅಯ್ಯನವರೇ, ನನ್ನ ಯಜಮಾನರು ಸುವಾರ್ತೆಯನ್ನು ಕೇಳದೆ ತೀರಿಹೋದರು. ನಾನು ರಾಗಿ ಬಿತ್ತುವ ನೆಲದಡಿಯಲ್ಲಿ ಅವರು ಉರಿಯುತ್ತಿರುವರೋ?” ಎಂದಳು. ನನ್ನ ಬಾಯಿ ಕಟ್ಟಿಹೋಯಿತು. ಆ ತಾಯಿ ಈಗ ಕರ್ತನಲ್ಲಿ ನಿದ್ರೆಹೋಗಿದ್ದಾಳೆ. ತಡವಾದರೂ ಉತ್ತರವನ್ನು ನಿಮ್ಮ ಮುಂದೆ ಇಡುತ್ತೇನೆ.

ಭೂಮಿಯ ಒಳಗೆ ಏನುಂಟು? ಮೇಲಣ ಬಂಡೆಯ ಚಿಪ್ಪು ನಮ್ಮ ಸೀಮೆಯಲ್ಲಿ 30 ಕಿಲೋಮೀಟರಿಗೂ ಹೆಚ್ಚು ದಪ್ಪವಾಗಿದೆ. ಅದರ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದ ವರೆಗೆ ಬಹು ಬಿಸಿಯಾದರೂ ಗಟ್ಟಿಯಾಗಿಯೇ ಇರುವ ಶಿಲೆಯುಂಟು. ಅದಕ್ಕೂ ಕೆಳಗೆ ಕರಗಿದ ಕಬ್ಬಿಣ. ನಟ್ಟನಡುವೆ ಗಟ್ಟಿ ಕಬ್ಬಿಣದ ಗುಂಡು. ಶಿಲೆಯು ಅಲ್ಲಲ್ಲಿ ಕರಗಿ, ಬಿರುಕುಗಳ ಮೂಲಕ ಮೇಲೇರಿ ಹೊರಚೆಲ್ಲುವದೇ ಜ್ವಾಲಾಮುಖಿ. ಅಂಡಮಾನಿನ ಬ್ಯಾರನ್ ದ್ವೀಪವು ಬಹುಕಾಲ ಸುಮ್ಮನಿದ್ದು 1991ರಲ್ಲಿ ಹೀಗೆಯೇ ಉಕ್ಕಿತು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಗಾರರು 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದರು. ಅವರು ಕಂಡದ್ದು ಕಾದ ಬಂಡೆಯನ್ನೇ, ಯಾತನೆಪಡುವ ಆತ್ಮಗಳನ್ನಲ್ಲ.

ಆ ಬೆಂಕಿಯ ಕೆಲಸವನ್ನೂ ನೋಡಿರಿ. ಲಾಲ್‌ಬಾಗಿನ ಗುಡ್ಡದ ಬಂಡೆಯು ಭೂಗರ್ಭದ ಉರಿಯಲ್ಲಿ ಬೆಂದು ಸುಮಾರು 300 ಕೋಟಿ ವರುಷಗಳಾದವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಅದೇ ಜಾತಿಯ ಬಂಡೆಯ ಮೇಲೆ ಬೇಗೂರೂ ನಿಂತಿದೆ. ವಿಜಯಪುರದ ಸೀಮೆಯಲ್ಲಿ ಜೋಳ ಬೆಳೆಯುವ ಕರೀಮಣ್ಣು ಸುಮಾರು 6 ಕೋಟಿ 60 ಲಕ್ಷ ವರುಷಗಳ ಹಿಂದೆ ಹರಿದ ಲಾವಾ ಕಲ್ಲಾಗಿ ಸವೆದು ಆದದ್ದು. ನಾವು ಸೆರೆಮನೆಯೆಂದು ಹೆದರಿದ್ದು ನಮ್ಮ ತಂದೆಯ ಕುಲುಮೆಯಲ್ಲವೋ? ನಮಗೆ ನೆಲವೂ ಅನ್ನವೂ ಅದರಿಂದಲೇ ಬಂದವು.

ದೇವರ ನ್ಯಾಯತೀರ್ಪು ಇಲ್ಲವೆಂದು ನಾನು ಹೇಳುವದಿಲ್ಲ. ಆದರೆ ಅದರ ಸ್ಥಳವನ್ನು ನೆರೆಯವನ ಹೊಲದಡಿಯಲ್ಲಿ ಗುರುತುಮಾಡುವದಕ್ಕೂ, ಸತ್ತವರನ್ನು ಅಲ್ಲಿಗೆ ತಳ್ಳುವದಕ್ಕೂ ನನಗೆ ಅಧಿಕಾರ ಯಾರು ಕೊಟ್ಟರು? ಹೋರೇಬಿನಲ್ಲಿ ಎಲೀಯನ ಮುಂದೆ ಭೂಕಂಪವೂ ಬೆಂಕಿಯೂ ಹಾದುಹೋದವು. ಕರ್ತನನ್ನು ಅವನು ಅರಿತದ್ದು ಅವುಗಳಲ್ಲಿ ಅಲ್ಲ, ಆಮೇಲೆ ಬಂದ ಮೆಲುದನಿಯಲ್ಲಿ. ಆ ತಾಯಿಯ ಯಜಮಾನರು ಲಾಜರನ ಸಮಾಧಿಯ ಬಳಿ ಕಣ್ಣೀರಿಟ್ಟ ನ್ಯಾಯಾಧಿಪತಿಯ ಕೈಯಲ್ಲಿದ್ದಾರೆ. ಅಷ್ಟನ್ನೇ ಹೇಳಿ ಅವಳ ಪಕ್ಕದಲ್ಲಿ ಕೂತಿದ್ದರೆ ಸಾಕಾಗಿತ್ತು.

ಆದಕಾರಣ ಪ್ರಿಯರೇ, ನೆರೆಹೊರೆಯವರನ್ನು ಹೆದರಿಸಿ ಸಭೆಗೆ ಕರೆತರಬೇಡಿರಿ. ಭಯದಿಂದ ಬಂದವನು ಭಯ ತೀರಿದಾಗ ಹೊರಡುವನು. ಪ್ರೀತಿಯಿಂದ ಬಂದವನು ನೆಲೆನಿಲ್ಲುವನು. ಆಮೆನ್.