ಆಟ ಮತ್ತೆ ಶುರುವಾದ ಮೇಲೆ

2023ರ ಸೆಪ್ಟೆಂಬರ್ 30, ಶನಿವಾರ. ಇಂಗ್ಲೆಂಡಿನಲ್ಲಿ ಸಂಜೆ, ನಮ್ಮಲ್ಲಿ ರಾತ್ರಿ ಹತ್ತು ಗಂಟೆ. ಟಾಟನ್‌ಹ್ಯಾಮ್ ಮತ್ತು ಲಿವರ್‌ಪೂಲ್ ಮ್ಯಾಚು. ನನ್ನ ಮಗ ಲಿವರ್‌ಪೂಲಿನ ಭಕ್ತ. ನಾನು ಅವನ ಪಕ್ಕ ಕೂತು ಕಡಲೆಕಾಯಿ ಬಿಡಿಸಿಕೊಂಡು ತಿನ್ನುವವನು, ಅಷ್ಟೇ.

34ನೇ ನಿಮಿಷದಲ್ಲಿ ಲೂಯಿಸ್ ಡಿಯಾಸ್ ಗೋಲು ಹೊಡೆದ. ಲೈನ್ಸ್‌ಮನ್ ಆಫ್‌ಸೈಡ್ ಅಂತ ಬಾವುಟ ಎತ್ತಿದರು. ಇಂಥ ತೀರ್ಮಾನ ಸರಿಯೋ ತಪ್ಪೋ ಅಂತ ನೋಡಲಿಕ್ಕೆಂದೇ ಈಗ ಮೈದಾನದಿಂದ ದೂರದ ಒಂದು ಕೋಣೆಯಲ್ಲಿ ವಿಡಿಯೋ ರೆಫರಿ ಇರುತ್ತಾರೆ. ಅವರು ನೋಡಿದರು. ಆಫ್‌ಸೈಡ್ ಆಗಿರಲಿಲ್ಲ. ಅಲ್ಲಿಗೆ ಎಲ್ಲ ಸರಿಯಾಗಬೇಕಿತ್ತು. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಅಂತಲೇ ಅವರು ತಿಳಿದಿದ್ದರು. ಹಾಗಾಗಿ ಪರಿಶೀಲನೆ ಮುಗಿಯಿತು, ಸರಿಯಾಗಿದೆ ಅಂದುಬಿಟ್ಟರು. ಮೈದಾನದ ರೆಫರಿ ಅದನ್ನು ‘ಆಫ್‌ಸೈಡ್ ಸರಿ’ ಅಂತ ಅರ್ಥ ಮಾಡಿಕೊಂಡರು. ಫ್ರೀ ಕಿಕ್ ಹೊಡೆದರು, ಆಟ ಮುಂದುವರಿಯಿತು.

ಕೆಲವೇ ಸೆಕೆಂಡುಗಳಲ್ಲಿ ಕೋಣೆಯಲ್ಲಿದ್ದವರಿಗೆ ವಿಷಯ ಗೊತ್ತಾಗಿತ್ತು. ಆಮೇಲೆ ಬಿಡುಗಡೆಯಾದ ಧ್ವನಿಮುದ್ರಣದಲ್ಲಿ ಅದೆಲ್ಲ ಕೇಳಿಸುತ್ತದೆ. ವಿಡಿಯೋ ನಡೆಸುವ ಹುದ್ದೆಯಲ್ಲಿದ್ದವರೇ ಆಟ ತಡೆಯಬೇಕು ಅನ್ನುತ್ತಾರೆ. ವಿಡಿಯೋ ರೆಫರಿ, ಆಟ ಮತ್ತೆ ಶುರುವಾಗಿದೆ, ಇನ್ನು ಏನೂ ಮಾಡಲಿಕ್ಕಾಗದು ಅನ್ನುತ್ತಾರೆ. ನಿಯಮ ಇರುವುದೂ ಹಾಗೇ. ಆಟ ಮತ್ತೆ ಶುರುವಾದ ಮೇಲೆ ಹಿಂದಿನ ತೀರ್ಮಾನವನ್ನು ಬದಲಿಸುವಂತಿಲ್ಲ.

ಲಿವರ್‌ಪೂಲಿನ ಇಬ್ಬರಿಗೆ ಕೆಂಪು ಕಾರ್ಡು ಬಿತ್ತು. ಒಂಬತ್ತು ಜನರಲ್ಲಿ ಆಡಿ, 96ನೇ ನಿಮಿಷದಲ್ಲಿ ತಮ್ಮದೇ ಆಟಗಾರನ ಕಾಲಿಗೆ ತಾಗಿ ಗೋಲಾಗಿ 2–1ರಲ್ಲಿ ಸೋತರು. ರೆಫರಿಗಳ ಸಂಸ್ಥೆ ಅವತ್ತೇ ತಪ್ಪು ಒಪ್ಪಿಕೊಂಡಿತು. ಅಂಕ ಮಾತ್ರ ವಾಪಸ್ ಬರಲಿಲ್ಲ.

ಧ್ವನಿಮುದ್ರಣ ಕೇಳಿದ ದಿನ ಮಗ ನನ್ನನ್ನೇ ತರಾಟೆಗೆ ತೆಗೆದುಕೊಂಡ. “ಗೊತ್ತಾಯ್ತಲ್ಲಪ್ಪಾ! ಗೊತ್ತಾದ ಮೇಲೂ ಯಾಕೆ ನಿಲ್ಲಿಸಲಿಲ್ಲ? ಸೀಟಿ ಊದಿ ‘ತಪ್ಪಾಯ್ತು’ ಅಂದಿದ್ದರೆ ಏನಾಗ್ತಿತ್ತು?”

“ನಿಯಮ ಅಂತ ಒಂದಿರುತ್ತಲ್ಲ, ಪ್ರತಿಯೊಂದನ್ನೂ ಹಿಂದಕ್ಕೆ ತಿರುಗಿಸ್ತಾ ಕೂತರೆ ಆಟ ಮುಗಿಯೋದು ಯಾವಾಗ?” ಅಂದೆ. ಮಾತೇನೋ ತಪ್ಪಲ್ಲ. ಆದರೆ ಹೇಳಿದ ಮೇಲೆ ನನಗೇ ಇರುಸುಮುರುಸಾಯಿತು. ಇದೇ ಮಾತನ್ನು ಮೂವತ್ತು ವರ್ಷದ ಹಿಂದೆ ಬೇರೊಬ್ಬರು ನನಗೆ ಹೇಳಿದ್ದರು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ವಿಜ್ಞಾನದ ಒಂದು ಕತೆ. ನ್ಯೂಟ್ರಿನೊ ನಮಗೇನೂ ತೀರಾ ಅಪರಿಚಿತವಲ್ಲ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲಿ ಮೊದಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ. ನಾನು ಹೇಳಹೊರಟಿರುವುದು 2011ರ ಸುದ್ದಿ. ಜಿನೀವಾ ಬಳಿಯ ಸರ್ನ್‌ನಿಂದ ಹೊರಟ ನ್ಯೂಟ್ರಿನೊಗಳು ನೆಲದೊಳಗೇ ಸುಮಾರು 730 ಕಿಲೋಮೀಟರ್ ಸಾಗಿ ಇಟಲಿಯ ಗ್ರಾನ್ ಸಾಸೊ ಬೆಟ್ಟದ ಅಡಿಯ ಪ್ರಯೋಗಾಲಯ ಸೇರುತ್ತಿದ್ದವು. ಅಲ್ಲಿನ ‘ಒಪೆರಾ’ ತಂಡ ಲೆಕ್ಕ ಹಾಕಿದರೆ, ಅವು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ಬರುತ್ತಿದ್ದವು! ಅದು ನಿಜವಾಗಿದ್ದರೆ ಐನ್‌ಸ್ಟೈನ್ ಹಾಕಿದ ಗೆರೆಯನ್ನೇ ಅಳಿಸಬೇಕಿತ್ತು.

ತಂಡದವರು ತಿಂಗಳುಗಟ್ಟಲೆ ಹುಡುಕಿದರೂ ತಪ್ಪು ಸಿಗಲಿಲ್ಲ. ಕೊನೆಗೆ ಸೆಪ್ಟೆಂಬರಿನಲ್ಲಿ ಲೆಕ್ಕವನ್ನು ಜಗತ್ತಿನ ಮುಂದೆ ಇಟ್ಟು, ನಮಗೆ ತಪ್ಪು ಕಾಣುತ್ತಿಲ್ಲ, ನೀವೂ ನೋಡಿ ಅಂದರು. 2012ರ ಫೆಬ್ರುವರಿಯಲ್ಲಿ ಅವರೇ ತಪ್ಪು ಕಂಡುಹಿಡಿದರು. ಸಮಯದ ಸಂಕೇತ ತರುವ ಆಪ್ಟಿಕಲ್ ಫೈಬರ್ ಕೇಬಲ್ಲಿನ ಒಂದು ಜೋಡಣೆ ಸರಿಯಾಗಿ ಕೂತಿರಲಿಲ್ಲ. ಐನ್‌ಸ್ಟೈನ್ ಬಚಾವಾದರು. ಮಾರ್ಚಿನಲ್ಲಿ ತಂಡದ ಇಬ್ಬರು ಮುಂದಾಳುಗಳು ಸ್ಥಾನ ಬಿಟ್ಟರು.

ಆಗ ಬಹಳ ಜನ ನಕ್ಕರು. ಒಂದು ವೈರ್ ಸಡಿಲವಾಗಿದ್ದುದಕ್ಕೆ ಇಷ್ಟು ದೊಡ್ಡ ಸುದ್ದಿಯಾ ಅಂತ. ನಾನೂ ನಕ್ಕಿದ್ದೆ. ಈಗ ಯೋಚಿಸಿದರೆ ನಗು ಬರುವುದಿಲ್ಲ. ಅವಸರ ಮಾಡಿದರು ಅನ್ನುವ ಟೀಕೆ ನ್ಯಾಯವೇ ಇರಬಹುದು. ಆದರೆ ಅವರು ಕೇಬಲ್ಲನ್ನು ಸದ್ದಿಲ್ಲದೆ ತಿರುಗಿಸಿ ಬಿಗಿಮಾಡಿ, ಹೊಸದಾಗಿ ಅಳೆದು, ಯಾಕೋ ಈಗ ಹಾಗೆ ಬರುತ್ತಿಲ್ಲ ಅಂದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಹೇಳಿದರು, ನಗೆಪಾಟಲಾದರು. ವಿಜ್ಞಾನದಲ್ಲಿ ಆಟ ಮತ್ತೆ ಶುರುವಾಯಿತು ಅನ್ನುವ ನೆಪ ಇಲ್ಲ. ನೂರು ವರ್ಷ ಆದಮೇಲೂ ಸೀಟಿ ಊದಬಹುದು.

ಹಾಗಾದರೆ ಸೇತುವೆ, ಕಟ್ಟಡ, ರಸ್ತೆ? ಇವು ಯಾವ ಕಡೆ? ಫುಟ್‌ಬಾಲಿನಂತೆ ಒಮ್ಮೆ ಆದದ್ದು ಆಗಿಹೋಯಿತೋ, ವಿಜ್ಞಾನದಂತೆ ಯಾವತ್ತೂ ತೆರೆದಿರಬೇಕೋ?

ನ್ಯೂಯಾರ್ಕಿನ ಸಿಟಿಕಾರ್ಪ್ ಕಟ್ಟಡದ ಕತೆ ಇಂಜಿನಿಯರಿಂಗ್ ಓದಿದವರು ಕೇಳಿರುತ್ತೀರಿ. 59 ಮಹಡಿ, ತೆರೆದದ್ದು 1977ರಲ್ಲಿ. ಒಂದು ಮೂಲೆಯಲ್ಲಿ ಚರ್ಚ್ ಇದ್ದ ಕಾರಣ ಅದರ ದೊಡ್ಡ ಕಾಲುಗಳನ್ನು ಮೂಲೆಗೆ ಕೊಡದೆ ಪ್ರತಿ ಬದಿಯ ನಡುವಿಗೆ ಕೊಟ್ಟಿದ್ದರು. ಮರುವರ್ಷ ಅದರ ಇಂಜಿನಿಯರ್ ವಿಲಿಯಂ ಲೆಮೆಷುರಿಯರ್ ಮತ್ತೆ ಲೆಕ್ಕ ಹಾಕಿ ನೋಡಿದರೆ, ಗಾಳಿ ಮೂಲೆಯಿಂದ ಬೀಸಿದಾಗ ಬೀಳುವ ಒತ್ತಡ ಅಂದುಕೊಂಡದ್ದಕ್ಕಿಂತ ಹೆಚ್ಚು. ಸಾಲದ್ದಕ್ಕೆ ವೆಲ್ಡಿಂಗ್ ಮಾಡಬೇಕಿದ್ದ ಜೋಡಣೆಗಳಿಗೆ ಬೋಲ್ಟ್ ಹಾಕಿದ್ದರು. ದೊಡ್ಡ ಚಂಡಮಾರುತ ಬಂದರೆ ಕಟ್ಟಡ ನಿಲ್ಲುವುದು ಖಾತ್ರಿ ಇಲ್ಲ.

ಅವರು ಮಾಲೀಕರ ಹತ್ತಿರ ಹೋಗಿ ತಾವೇ ಹೇಳಿದರು. ರಾತ್ರಿ ಹೊತ್ತು ವೆಲ್ಡರುಗಳು ಬಂದು ಜೋಡಣೆಗಳ ಮೇಲೆ ಉಕ್ಕಿನ ಪಟ್ಟಿ ಕೂರಿಸಿದರು. ಕೆಲಸ ನಡೆದಿರುವಾಗಲೇ ಎಲ್ಲಾ ಅನ್ನುವ ಚಂಡಮಾರುತ ಹತ್ತಿರ ಬಂದು, ಪುಣ್ಯಕ್ಕೆ ಸಮುದ್ರದ ಕಡೆ ತಿರುಗಿಕೊಂಡಿತು. ಎಲ್ಲರೂ ಇದನ್ನು ನೀತಿಪಾಠದ ಹಾಗೆ ಹೇಳುತ್ತಾರೆ. ಆದರೆ ಕತೆಗೆ ಇನ್ನೊಂದು ಮುಖವಿದೆ. ಆ ಕಟ್ಟಡದ ಒಳಗೆ ಕೆಲಸ ಮಾಡುತ್ತಿದ್ದವರಿಗೆ, ಅದರ ನೆರಳಲ್ಲಿ ಮಲಗುತ್ತಿದ್ದವರಿಗೆ ಯಾರೂ ಹೇಳಲಿಲ್ಲ. ನ್ಯೂಯಾರ್ಕಿನ ದೊಡ್ಡ ಪತ್ರಿಕೆಗಳಲ್ಲಿ ಆಗ ಮುಷ್ಕರ ಬೇರೆ. ವಿಷಯ ಜನಕ್ಕೆ ಗೊತ್ತಾದದ್ದು 1995ರಲ್ಲಿ. ಹದಿನೇಳು ವರ್ಷ!

ಇದರ ಪಕ್ಕ ಲಂಡನ್ನಿನ ಮಿಲೇನಿಯಂ ಸೇತುವೆಯನ್ನು ಇಟ್ಟು ನೋಡಿ. 2000ದ ಜೂನ್ 10ರಂದು ತೆರೆದರು. ಜನ ನಡೆದಂತೆಲ್ಲ ಸೇತುವೆ ಅಕ್ಕಪಕ್ಕ ತೂಗತೊಡಗಿತು. ಅದು ತೂಗಿದ ತಾಳಕ್ಕೆ ಜನ ಗೊತ್ತಿಲ್ಲದೆಯೇ ಹೆಜ್ಜೆ ಹಾಕಿದರು, ಹೆಜ್ಜೆಯಿಂದ ತೂಗಾಟ ಇನ್ನೂ ಹೆಚ್ಚಿತು. ಎರಡೇ ದಿನಕ್ಕೆ ಮುಚ್ಚಿದರು. ಊರೆಲ್ಲ ನಕ್ಕಿತು. ಇಂಜಿನಿಯರುಗಳು ಸೇತುವೆಯ ಮೇಲೆ ಜನರನ್ನು ನಡೆಸಿ ಪರೀಕ್ಷೆ ಮಾಡಿ, ಅಲುಗಾಟ ತಡೆಯುವ ಡ್ಯಾಂಪರುಗಳನ್ನು ಕೂರಿಸಿದರು. 2002ರ ಫೆಬ್ರುವರಿಯಲ್ಲಿ ಮತ್ತೆ ತೆರೆದರು. ತಾವು ಕಂಡುಕೊಂಡದ್ದನ್ನು ಮುಚ್ಚಿಡದೆ ಪ್ರಕಟಿಸಿದರು. ಆಮೇಲೆ ಕಾಲುಸೇತುವೆ ಕಟ್ಟುವವರಿಗೆಲ್ಲ ಅದು ಪಾಠವಾಯಿತು. ಸಿಟಿಕಾರ್ಪಿನ ತಪ್ಪು ಒಂದು ಕಟ್ಟಡವನ್ನು ಮಾತ್ರ ಉಳಿಸಿತು. ಮಿಲೇನಿಯಂ ಸೇತುವೆಯ ತಪ್ಪು ನೋಡದ ಊರುಗಳ ಸೇತುವೆಗಳಿಗೂ ಕೆಲಸಕ್ಕೆ ಬಂತು.

ಸರಿ, ಈಗ ನನ್ನ ವಿಷಯ.

ತೊಂಬತ್ತರ ದಶಕದಲ್ಲಿ ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಊರಿನಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರ್. ಒಂದು ಬೀದಿಗೆ ಚರಂಡಿ ಕಟ್ಟಬೇಕಿತ್ತು. ಡಂಪಿ ಲೆವೆಲ್ ಇಟ್ಟು, ಅಳತೆಯ ಸ್ಟಾಫ್ ಓದಿ, ಗೂಟ ಹೊಡೆಸಿಕೊಟ್ಟವನು ನಾನು. ಆ ಗೂಟಗಳಿಗೆ ದಾರ ಕಟ್ಟಿ ಚರಂಡಿ ಎಬ್ಬಿಸಿದವರು ಒಬ್ಬ ವಯಸ್ಸಾದ ಮೇಸ್ತ್ರಿ. ಮೊದಲ ಮಳೆಗೆ ನೀರು ಅರ್ಧ ಬೀದಿವರೆಗೆ ಬಂದು ನಿಂತುಬಿಟ್ಟಿತು. ಆಚೆಯ ಅರ್ಧ ಚರಂಡಿ ಗೇಣುದ್ದ ಎತ್ತರವಾಗಿತ್ತು. ಮನೆಗಳ ಮುಂದೆ ಕೊಚ್ಚೆ.

ಆಫೀಸಿನಲ್ಲಿ ಎಲ್ಲರೂ ಮೇಸ್ತ್ರಿಯ ಮೇಲೆ ಬಿದ್ದರು. ಅವರು ನನ್ನ ಕಡೆ ನೋಡಿ, “ಸ್ವಾಮಿ, ನೀವು ಹೊಡೆಸಿದ ಗೂಟಕ್ಕೇ ದಾರ ಕಟ್ಟಿದ್ದು” ಅಂದರು. ನಾನು ಮಾತಾಡಲಿಲ್ಲ. ಆಗಿನ್ನೂ ನನಗೆ ಖಾತ್ರಿ ಇರಲಿಲ್ಲ ಅಂತ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅವತ್ತು ರಾತ್ರಿ ಲೆವೆಲ್ ಬುಕ್ ತೆಗೆದು ನೋಡಿದಾಗ ಖಾತ್ರಿಯಾಯಿತು. ಬೀದಿಯ ನಡುವೆ ಉಪಕರಣ ಸ್ಥಳ ಬದಲಿಸುವ ಕಡೆ 1.64 ಅಂತ ಬರೆದಿದ್ದೆ. ಮಾರನೇ ದಿನ ಬೆಳಗ್ಗೆ ಹೋಗಿ ಅಳೆದೆ. 1.46 ಇರಬೇಕಿತ್ತು. ಅಂಕಿ ಅದಲುಬದಲು. ಹದಿನೆಂಟು ಸೆಂಟಿಮೀಟರ್.

ಆಗಲೂ ಹೇಳಲಿಲ್ಲ. ಪ್ರೊಬೇಷನ್ನಿನಲ್ಲಿದ್ದೆ, ಮನೆಯಲ್ಲಿ ತಂಗಿಯ ಮದುವೆ ಮಾತುಕತೆ ನಡೆದಿತ್ತು. ಮೇಸ್ತ್ರಿ ಆ ಅರ್ಧ ಚರಂಡಿಯನ್ನು ಒಡೆದು ತಮ್ಮ ಖರ್ಚಿನಲ್ಲಿ ಮತ್ತೆ ಕಟ್ಟಿದರು. ಈ ಸಲ ಸರಿಯಾದ ಗೂಟ ಹೊಡೆಸಿಕೊಟ್ಟೆ! ಅದನ್ನು ಕಂಡು ಅವರು ಒಂದು ಮಾತೂ ಆಡಲಿಲ್ಲ. ಅರ್ಥವಾಗಿತ್ತು ಅಂತಲೇ ನನ್ನ ನಂಬಿಕೆ.

ಎರಡು ವರ್ಷದ ಮೇಲೆ, ಕೆಲಸ ಕಾಯಂ ಆದಮೇಲೆ, ನನ್ನ ಮೇಲಿನವರಿಗೆ ಹೇಳಿದೆ. ಅವರು ನಕ್ಕು, “ಅಲ್ಲಯ್ಯಾ, ಫೈಲ್ ಮುಚ್ಚಿ ಯಾವ ಕಾಲವಾಯ್ತು! ಈಗ ಇದನ್ನೆಲ್ಲ ಕೆದಕ್ತಾ ಕೂತರೆ ಕೆಲಸ ಸಾಗೋದು ಯಾವಾಗ?” ಅಂದರು. ನನಗೆ ಆಗ ಆದದ್ದು ಅವಮಾನವಲ್ಲ, ನಿರಾಳ. ಹೇಳಬೇಕಾದದ್ದು ಹೇಳಿದೆ, ಇನ್ನು ನನ್ನ ಕೈಲಿಲ್ಲ ಅನ್ನಿಸಿತು. ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋದರು ಅಂತ ಯಾರೋ ಹೇಳಿದರು. ಯಾವ ಊರು ಅಂತಲೂ ಕೇಳಲಿಲ್ಲ.

ತಪ್ಪು ಒಪ್ಪಿಕೊಂಡವರನ್ನು ಶಿಕ್ಷಿಸಬೇಕಾ ಅಂತ ಚರ್ಚೆ ಬಂದಾಗಲೆಲ್ಲ ನಾವು ಎರಡು ಗುಂಪಾಗುತ್ತೇವೆ. ಶಿಕ್ಷಿಸಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ ಅನ್ನುವವರು ಒಂದು ಕಡೆ. ಬಿಟ್ಟರೆ ‘ಸಾರಿ’ ಅನ್ನುವುದು ಅಗ್ಗವಾಗುತ್ತದೆ ಅನ್ನುವವರು ಇನ್ನೊಂದು ಕಡೆ. ನನಗನ್ನಿಸುವುದು, ಕೇಳಬೇಕಾದ ಮೊದಲ ಪ್ರಶ್ನೆ ಇದಲ್ಲ. ತಪ್ಪಿನ ಖರ್ಚನ್ನು ಈಗ ಯಾರು ಹೊರುತ್ತಿದ್ದಾರೆ ಅನ್ನುವುದು ಮೊದಲ ಪ್ರಶ್ನೆ. ಒಪೆರಾ ತಂಡದ ತಪ್ಪಿನ ಖರ್ಚನ್ನು ಅವರೇ ಹೊತ್ತರು. ಹಾಗಾಗಿ ಅವರ ಒಪ್ಪಿಗೆ ಪೂರ್ಣ. ರೆಫರಿಗಳ ಸಂಸ್ಥೆ ತಪ್ಪನ್ನು ಒಪ್ಪಿತು, ಖರ್ಚು ಲಿವರ್‌ಪೂಲಿನದೇ ಆಯಿತು. ಆಟ ಅಂದಮೇಲೆ ಅದನ್ನು ಸಹಿಸಬಹುದು, ಮುಂದಿನ ವಾರ ಇನ್ನೊಂದು ಮ್ಯಾಚು ಇರುತ್ತದೆ. ಮೇಸ್ತ್ರಿಗೆ ಮುಂದಿನ ವಾರದ ಮ್ಯಾಚು ಇರಲಿಲ್ಲ. ಖರ್ಚು ಇನ್ನೊಬ್ಬರ ತಲೆಯ ಮೇಲೆ ಇರುವಾಗ ನಾನು ಮೇಲಿನವರ ಕಿವಿಗೆ ಹೇಳಿದ್ದು ಒಪ್ಪಿಗೆಯೇ ಅಲ್ಲ, ನನ್ನ ಹೊಟ್ಟೆನೋವಿಗೆ ನಾನು ತೆಗೆದುಕೊಂಡ ಮಾತ್ರೆ.

ಆದ್ದರಿಂದ ಒಪ್ಪಿಕೊಂಡವರಿಗೆ ಕೆಲಸ ಕಳೆಯಬೇಡಿ, ಮಾನ ತೆಗೆಯಬೇಡಿ ಅನ್ನುವ ಕಡೆಯವನೇ ನಾನು. ಆದರೆ ಜೊತೆಗೆ ಇನ್ನೊಂದು ಮಾತು ಸೇರಿಸುತ್ತೇನೆ. ಯಾರ ಜೇಬಿನಿಂದ ದುಡ್ಡು ಹೋಯಿತೋ ಅವರಿಗೆ ಅದು ಮೊದಲು ಮುಟ್ಟಬೇಕು, ಯಾರ ಮೇಲೆ ಅಪವಾದ ಬಿತ್ತೋ ಅವರಿಗೆ ಸುದ್ದಿ ಮೊದಲು ಮುಟ್ಟಬೇಕು. ಫೈಲ್ ಮುಚ್ಚಿದೆ ಅನ್ನುವುದು ಆಫೀಸಿನ ಕ್ಯಾಲೆಂಡರು. ಸಾಲಕ್ಕೆ ಆ ಕ್ಯಾಲೆಂಡರು ಅನ್ವಯಿಸುವುದಿಲ್ಲ.

ಲೆವೆಲಿಂಗ್ ಕಲಿಸುವಾಗ ಮೊದಲ ವಾರವೇ ಒಂದು ಮಾತು ಹೇಳಿಕೊಡುತ್ತಾರೆ. ಎಷ್ಟು ದೂರ ಹೋದರೂ ಹೊರಟ ಬೆಂಚ್ ಮಾರ್ಕಿಗೇ ವಾಪಸ್ ಬಂದು ಓದಿ ಮುಗಿಸಬೇಕು. ಹೊರಟಾಗಿನ ಮಟ್ಟ, ಬಂದಾಗಿನ ಮಟ್ಟ ತಾಳೆಯಾದರೆ ಕೆಲಸ ಸರಿ, ಇಲ್ಲದಿದ್ದರೆ ದಾರಿಯಲ್ಲೆಲ್ಲೋ ತಪ್ಪಿದೆ. ಆ ಸಂಜೆ ಮೋಡ ಕವಿದಿತ್ತು, ಬಸ್ಸಿಗೆ ಹೊತ್ತಾಗಿತ್ತು, ನಾನು ವಾಪಸ್ ಹೋಗಿ ಓದಲಿಲ್ಲ.

ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಹೆಸರು ನೆನಪಿದೆಯಾ ಅಪ್ಪಾ?” ಅಂದ. ನೆನಪಿದೆ. ಮುಂದಿನ ತಿಂಗಳು ಆ ಕಡೆ ಹೋಗುವುದಿದೆ. ಅವರ ಮಕ್ಕಳಾದರೂ ಸಿಗಬಹುದು. ವಿಚಾರಿಸುತ್ತೇನೆ.